ಸೋರುವ ಎಳೆ

ಹಸಿರು, ಅಲ್ಲ, ಪೂರ್ತಿ ಹಸಿರೂ ಅಲ್ಲ, ನೀಲಿಗೆ ವಾಲಿದ ಹಸಿರು, ಸೂಕ್ಷ್ಮದರ್ಶಕದ ಬೆಳಕಿನಲ್ಲಿ, ನೀರು ಸೋಸಿದ ಬಿಳಿ ಬಿಲ್ಲೆಯ ಮೇಲೆ ಒಂದು ನೂಲೆಳೆ ಅಡ್ಡಡ್ಡ ಮಲಗಿದೆ, ಒಂದು ತುದಿ ಕೊಂಚ ಮೇಲೆದ್ದು ನನ್ನ ಉಸಿರಿಗೋ ಏನೋ ನಡುಗುತ್ತಿದೆ — ಉಸಿರು ಬಿಡಬಾರದು, ಬಿಟ್ಟರೆ ಹಾರಿಹೋದೀತು — ಅಕ್ಕನಾಗಿದ್ದರೆ ನೋಡಿದ ಕೂಡಲೇ ಹೇಳಿಬಿಡುತ್ತಿದ್ದಳು, ಇದು ನವಿಲುಬಣ್ಣ ಕಣೇ, ಹಸಿರು ಅಂದ್ರೆ ಬೇರೇನೇ, ನಿಂಗೆ ಓದು ಬಂತು ಬಣ್ಣ ಬರ್ಲಿಲ್ಲ ನೋಡು. ಬಣ್ಣ ಯಾವುದಾದರೇನು, ಇದು ಇಲ್ಲಿ ಇರಕೂಡದು. ಊರಿನ ಅಷ್ಟೂ ಬಚ್ಚಲುಗಳ, ಬಟ್ಟೆ ಒಗೆಯುವ ಅಷ್ಟೂ ಯಂತ್ರಗಳ ಕೊಳೆ ಹೊತ್ತು ಈ ಘಟಕಕ್ಕೆ ಬಂದ ನೀರು, ಒಂದು ತೊಟ್ಟಿಯಲ್ಲಿ ಮರಳು ಬಿಟ್ಟು, ಇನ್ನೊಂದರಲ್ಲಿ ಕೆಸರು ಬಿಟ್ಟು, ಕೊನೆಗೆ ಪೊರೆಯ ಎಳೆಗಳು ಒಳಕ್ಕೆ ಹೀರಿಕೊಂಡು ಈಚೆ ಬಿಟ್ಟ ನೀರು, ಬಟ್ಟೆಗಳಿಂದ ಉದುರುವ ಪ್ಲಾಸ್ಟಿಕ್ ನೂಲಿನ ಚೂರು, ಕಣ್ಣಿಗೆ ಕಾಣದ ಪುಡಿ, ಎಲ್ಲವೂ ಪೊರೆಯ ಆಚೆಯೇ ನಿಲ್ಲಬೇಕು, ಇಷ್ಟು ದಿನ ನಿಂತಿತ್ತು, ಬಿಲ್ಲೆಯ ಮೇಲೆ ಹುಡುಕಿ ಹುಡುಕಿ ಏನೂ ಸಿಗದೆ ನಾನು ಸುಮ್ಮನೆ ಖುಷಿಪಡುತ್ತಿದ್ದೆ. ಸೂಜಿಯನ್ನು ಜ್ವಾಲೆಗೆ ಹಿಡಿದು ಕಾಯಿಸಿ ಹತ್ತಿರ ಒಯ್ಯುತ್ತೇನೆ, ಹತ್ತಿಯ ನೂಲಾದರೆ ಕದಲುವುದಿಲ್ಲ, ಪ್ಲಾಸ್ಟಿಕ್ ಆದರೆ ಮುದುಡುತ್ತದೆ — ಮುದುಡಿತು, ಯಾರೋ ಕೈ ಹಿಂದಕ್ಕೆ ಎಳೆದುಕೊಂಡ ಹಾಗೆ. ಕೊಠಡಿಯ ಗಾಳಿಯಲ್ಲಿ ತೇಲಿ ಬಿದ್ದದ್ದಿರಬಹುದೇ, ಅದಕ್ಕೆಂದೇ ಪಕ್ಕದಲ್ಲಿ ಒಂದು ಒದ್ದೆ ಬಿಲ್ಲೆ ತೆರೆದಿಟ್ಟಿರುತ್ತೇನೆ, ತೇಲುವುದೇನಾದರೂ ಇದ್ದರೆ ಅದರ ಮೇಲೂ ಬೀಳಲಿ ಎಂದು, ಅದು ಹಾಲಿನ ಹಾಗೆ ಬೆಳ್ಳಗಿದೆ. ನನ್ನ ಮೈಯಿಂದಲೂ ಅಲ್ಲ, ಇಲ್ಲಿ ಒಳಗೆ ಬರುವವರು ಹತ್ತಿಬಟ್ಟೆಯನ್ನೇ ಹಾಕಬೇಕು, ನನ್ನ ಈ ಮೇಲಂಗಿಯನ್ನು ಅಕ್ಕನೇ ಹೊಲಿದದ್ದು, ಹೊಲಿಯುವಾಗ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಿದ್ದಳು, ಒಳ್ಳೇ ಸಂಸಾರ ನಮ್ದು, ದಿನವಿಡೀ ನಾನು ದಾರ ಉದುರಿಸೋದು, ನೀನು ಹೋಗಿ ಆರಿಸೋದು — ಇವತ್ತು ಅಕ್ಕನನ್ನು ನೆನೆಯಬಾರದು ಎಂದುಕೊಂಡೇ ಬಸ್ಸು ಹತ್ತಿದ್ದೆ, ಕೆಲಸವಿದೆ, ಕೆಲಸದಲ್ಲಿ ಮುಳುಗಿದರೆ ಮಧ್ಯಾಹ್ನ ತಾನಾಗಿ ಬಂದು ತಾನಾಗಿ ಹೋಗುತ್ತದೆ, ಮಧ್ಯಾಹ್ನ ಹೋದರೆ ಆಸ್ಪತ್ರೆಯ ವ್ಯಾನೂ ಹೋಗುತ್ತದೆ, ಅಕ್ಕ ಅದರೊಳಗೆ ಕೂತಿರುತ್ತಾಳೆ, ನಾನು ಏನನ್ನೂ ಹೇಳಬೇಕಾಗುವುದಿಲ್ಲ.

ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ, ಯಂತ್ರದ ಗಾಲಿಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ, ಪಾದಗಳು ಊದಿಕೊಂಡು ಪೆಡಲಿನ ಮೇಲೆ ಯಾರದೋ ಪಾದಗಳನ್ನು ತಂದಿಟ್ಟ ಹಾಗೆ, ನೋಡೇ, ನಾನಿನ್ನು ಹೋಗಲ್ಲ ಅಂತಿದೀನಿ ಅಂದಳು. ಒಂದು ದಿನ ಬಿಟ್ಟು ಒಂದು ದಿನ ಆಸ್ಪತ್ರೆ, ಎಡಗೈಯಲ್ಲಿ ಎರಡು ದಪ್ಪ ಸೂಜಿ, ಮೈಯ ರಕ್ತವೆಲ್ಲ ಕೊಳವೆಯಲ್ಲಿ ಆಚೆ ಹೋಗಿ ಸೋಸಿಕೊಂಡು ಈಚೆ ಬರುವ ಡಯಾಲಿಸಿಸ್, ಮೂತ್ರಪಿಂಡ ಮಾಡಬೇಕಾದ ಕೆಲಸವನ್ನು ಯಂತ್ರ ಮಾಡುತ್ತದೆ, ಮಾಡುತ್ತಲೇ ಬಂದಿದೆ, ಆದರೆ ಈಚೆಗೆ ಪ್ರತಿ ಸಲವೂ ನಡುವೆಯೇ ಬಿಪಿ ಬಿದ್ದುಹೋಗಿ ಕಣ್ಣು ಮೇಲಾಗುತ್ತದೆ, ನರ್ಸು ಓಡಿಬರುತ್ತಾಳೆ, ಕಾಲು ಎತ್ತಿ ಹಿಡಿಯುತ್ತಾಳೆ, ಮನೆಗೆ ಬಂದ ಮೇಲೆ ಮರುದಿನ ಸಂಜೆಯವರೆಗೂ ಮಾತಿಲ್ಲ, ಮಾತು ಬರುವಷ್ಟರಲ್ಲಿ ಮತ್ತೆ ವ್ಯಾನು. ನನ್ನದೊಂದು ಮೂತ್ರಪಿಂಡ ಕೊಡುತ್ತೇನೆ ಎಂದು ಹೋಗಿದ್ದೆ, ಪರೀಕ್ಷೆಯಲ್ಲಿ ಹೊಂದಿಕೆಯೂ ಆಗಿತ್ತು, ಡಾಕ್ಟರು ಕಾಗದಗಳನ್ನು ತಿರುವಿ ಹಾಕಿ ನನ್ನ ಕಡೆ ನೋಡದೆ, ಕೊಡೋಕೆ ನೀವಿದ್ದೀರ ಸರಿ, ತಗೊಳ್ಳೋಕೆ ಅವರ ಹೃದಯ ತಡೆಯಲ್ಲಮ್ಮ ಅಂದರು. ಅಕ್ಕ ಹೊರಗೆ ಬಂದು ಸಮಾಧಾನ ಮಾಡಿದಳು ನನಗೆ, ಅವಳು ನನಗೆ, ಹೋಗ್ಲಿ ಬಿಡೇ, ನಿಂದು ನಿನ್ನ ಹತ್ರಾನೇ ಇರ್ಲಿ, ನೀನು ನಾಚಿಕೆಯವಳು, ಅದೂ ನಿನ್ನ ಹಾಗೇ ಇರತ್ತೆ, ನನ್ನೊಳಗೆ ಬಂದು ಒಂದು ಮಾತೂ ಆಡದೆ ಮೂಲೆಯಲ್ಲಿ ಕೂತುಬಿಡ್ತಿತ್ತು. ನಿಲ್ಲಿಸಿದರೆ ಏನಾಗುತ್ತದೆ ಎಂದು ಹೋದ ವಾರ ಅವಳೇ ಕೇಳಿದಳಂತೆ, ಡಾಕ್ಟರು ಮುಚ್ಚುಮರೆ ಮಾಡಲಿಲ್ಲವಂತೆ, ಕೆಲವು ದಿನ, ನಿದ್ದೆ ಜಾಸ್ತಿಯಾಗುತ್ತ ಹೋಗುತ್ತೆ, ನೋವಾಗದ ಹಾಗೆ ನಾವು ಮನೆಗೇ ಬಂದು ನೋಡ್ಕೊತೀವಿ, ಅದು ನಿಮ್ಮ ಇಷ್ಟ ಅಂದರಂತೆ. ಅಮ್ಮ ಒಲೆಯ ಹತ್ತಿರ ಬೆನ್ನು ತಿರುಗಿಸಿಕೊಂಡೇ ನಿಂತಿದ್ದಳು, ನನ್ನನ್ನೇನು ಕೇಳ್ತೀರ, ಚಿಕ್ಕೋಳು ಓದಿದೋಳು, ಈ ಸೋಸೋ ಕೆಲಸದಲ್ಲೇ ಇದಾಳೆ, ಅವಳು ಹೂಂ ಅಂದ್ರೆ ನಂದೂ ಹೂಂ. ಅದೇ ಪಾತ್ರೆಯನ್ನು ತೊಳೆಯುತ್ತಲೇ ಇದ್ದಳು. ಕೇಳಿಸ್ಕೊಂಡ್ಯಲ್ಲ ಅಂದಳು ಅಕ್ಕ, ಈಗ್ಲೇ ಹೇಳ್ಬೇಡ, ಎದುರಿಗೆ ನಿಂಗೆ ಬಾಯಿ ಬರಲ್ಲ ನಂಗೊತ್ತು, ಮಧ್ಯಾಹ್ನ ವ್ಯಾನ್ ಬರೋಕೆ ಮುಂಚೆ ಒಂದು ಫೋನ್ ಮಾಡಿ ಹೂಂ ಅನ್ನು, ಉಳ್ಕೊತೀನಿ, ಫೋನ್ ಬರ್ಲಿಲ್ವಾ, ಎಂದಿನ ಹಾಗೆ ಹತ್ಕೊಂಡು ಹೋಗ್ತೀನಿ, ಅದಕ್ಕೆ ನಿನ್ಮೇಲೆ ಬೇಜಾರೇನಿಲ್ಲ. ಉಳಿದರೆ ಏನು ಮಾಡುತ್ತೀ ಎಂದು ನನ್ನ ಬಾಯಿಂದ ಹೇಗೋ ಬಂತು. ನೀರು ಕುಡೀತೀನಿ ಅಂದಳು. ತಡವೇ ಇಲ್ಲದೆ ಅಂದಳು, ಬಹಳ ಕಾಲದಿಂದ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದ ಹಾಗೆ, ದೊಡ್ಡ ಲೋಟದಲ್ಲಿ, ತುಂಬಾ, ಗಟಗಟ ಅಂತ.

ಪೊರೆಗಳ ಹಜಾರದಲ್ಲಿ ನೀರಿನ ಸದ್ದು ಎಷ್ಟೆಂದರೆ ಮಾತಾಡುವವರು ಕಿವಿಗೆ ಬಾಯಿಟ್ಟೇ ಮಾತಾಡಬೇಕು, ನನಗೆ ಈ ಜಾಗ ಇಷ್ಟವಾಗಲು ಅದೂ ಒಂದು ಕಾರಣ, ಇಲ್ಲಿ ಯಾರೂ ನನ್ನನ್ನು ಯಾಕಮ್ಮ ಸುಮ್ನಿದೀಯ ಎಂದು ಕೇಳುವುದಿಲ್ಲ. ಆ ನೂಲು ಈಚೆ ಬಂದಿದೆಯೆಂದರೆ ಪೊರೆಯ ಯಾವುದೋ ಎಳೆ ಹರಿದಿದೆ, ಅದನ್ನು ಹುಡುಕಲು ಫಿಟ್ಟರ್ ಮೆಲ್ಲಗಣ್ಣ ಕೊಂಡಿಯ ಸರಪಳಿ ಎಳೆದು ಒಂದೊಂದೇ ಕಂಬವನ್ನು ತೊಟ್ಟಿಯಿಂದ ಎತ್ತುತ್ತಿದ್ದಾನೆ, ಮೆಲ್ಲಗೆ, ಮೆಲ್ಲಗೆ, ಎಂದು ಸರಪಳಿಗೂ ಕಂಬಕ್ಕೂ ತನಗೂ ಹೇಳಿಕೊಳ್ಳುತ್ತಾನೆ, ಅದಕ್ಕೇ ಆ ಹೆಸರು, ಅವನ ನಿಜವಾದ ಹೆಸರು ಸಂಬಳ ಕೊಡುವವರಿಗಷ್ಟೇ ಗೊತ್ತು. ಮೂರನೇದೇ ಹರಿದಿರೋದು, ಬೇಕಾದ್ರೆ ಒಂದು ಟೀ ಪಂದ್ಯ ಕಟ್ಟು ತಂಗಿ ಅಂದಿದ್ದ, ಮೂರನೆಯದು ಗಟ್ಟಿಯಾಗಿತ್ತು, ಹಾಗಾದ್ರೆ ಐದನೇದು, ನನ್ನ ಮೊಣಕಾಲು ಹೇಳ್ತಿದೆ ಅಂದ, ಐದನೆಯದೂ ಗಟ್ಟಿಯಾಗಿತ್ತು, ಮೊಣಕಾಲಿಗೂ ವಯಸ್ಸಾಯ್ತು ಬಿಡು. ಕಂಬವೆಂದರೆ ಒಂದು ಪಾರದರ್ಶಕ ಕೊಳವೆ, ಅದರೊಳಗೆ ಸಾವಿರಾರು ಬಿಳಿ ಎಳೆಗಳು, ಬಾಚಿ ಬಿಟ್ಟ ಮುದುಕಿಯ ಕೂದಲಿನ ಹಾಗೆ, ಪ್ರತಿಯೊಂದೂ ಒಳಗೆ ಪೊಳ್ಳು, ಪ್ರತಿಯೊಂದರ ಮೈತುಂಬ ಕಾಣದ ರಂಧ್ರ, ಎರಡು ತುದಿಯಲ್ಲೂ ಎಳೆಗಳನ್ನೆಲ್ಲ ಸೇರಿಸಿ ಅಂಟಿನಲ್ಲಿ ನೆಟ್ಟು ಸಮನಾಗಿ ಕತ್ತರಿಸಿದ್ದಾರೆ, ಕತ್ತರಿಸಿದ ಮುಖ ನೋಡಿದರೆ ಜೇನುಗೂಡಿನ ಹಲ್ಲೆ, ಬರೀ ಬಾಯಿಗಳು. ಮೊದಲ ಸಲ ಆಸ್ಪತ್ರೆಯಲ್ಲಿ ಅಕ್ಕನ ಪಕ್ಕದ ಯಂತ್ರಕ್ಕೆ ಸಿಕ್ಕಿಸಿದ್ದ ಸೋಸುಗೊಳವೆ ಕಂಡಾಗ ನಾನು ಅಯ್ಯೋ ಇದು ನಮ್ಮದೇ ಎಂದು ಗಟ್ಟಿಯಾಗಿ ಅಂದುಬಿಟ್ಟಿದ್ದೆ, ಅದೇ ಎಳೆಗಳು, ಅದೇ ಅಂಟು, ಅದೇ ಜೇನುಹಲ್ಲೆ, ಮೊಳಕೈ ಉದ್ದದ ಮರಿ, ಬಿಳಿ ಬದಲು ಕೆಂಪು. ನರ್ಸು ನಕ್ಕಿದ್ದಳು. ಅಕ್ಕ ಊರಿಗೆಲ್ಲ ಸಾರಿದಳು, ನನ್ನ ತಂಗಿ ಇಂಥದ್ದನ್ನೇ ನೋಡ್ಕೊಳ್ಳೋದು, ಇದಕ್ಕಿಂತ ಎಷ್ಟೋ ದೊಡ್ಡದು, ಊರಿನ ಕೊಳಕೆಲ್ಲ ಅವಳ ಕೈಯಲ್ಲೇ. ಅಲ್ಲಿ ನೆಟ್ಟುಹೋಯಿತು ಅಮ್ಮನ ತಲೆಯಲ್ಲಿ, ಚಿಕ್ಕವಳಿಗೆ ಇದೆಲ್ಲ ಗೊತ್ತು ಎಂದು. ಏನು ಗೊತ್ತು ನನಗೆ. ಎಳೆಯ ಮೇಲೆ ಕೊಳೆ ಕೂತರೆ ನೀರನ್ನು ಹಿಂದಕ್ಕೆ ತಳ್ಳಿ ತೊಳೆಯುವುದು ಗೊತ್ತು, ಅದಕ್ಕೂ ಹೋಗದಿದ್ದರೆ ಔಷಧಿ ಹಾಕಿ ನೆನೆಸುವುದು ಗೊತ್ತು, ಎಷ್ಟು ತೊಳೆದರೂ ಬರುಬರುತ್ತ ಒಳಗೊಳಗೇ ಕಟ್ಟಿಕೊಳ್ಳುವುದು ಒಂದಿದೆ, ಅದು ಬಿಡುವುದಿಲ್ಲ, ಆಗ ಆ ಕಂಬವನ್ನು ತೆಗೆದು — ಬೇಡ, ಹೋಲಿಸಬಾರದು, ಅಕ್ಕ ಕಂಬವಲ್ಲ, ಅಕ್ಕ ಅಕ್ಕ, ಎಡಗೈಯಲ್ಲಿ ಸೂಜಿಗೆಂದು ರಕ್ತನಾಳ ಜೋಡಿಸಿದ ಕಡೆ ಉಬ್ಬಿದೆ, ಬೆರಳಿಟ್ಟರೆ ಒಳಗೆ ಜುಂ ಎನ್ನುತ್ತದೆ, ಸಿಕ್ಕಿಬಿದ್ದ ದುಂಬಿಯ ಹಾಗೆ, ಜೊತೆಯಲ್ಲಿ ಮಲಗುವಾಗ ನಾನು ಅಲ್ಲೇ ಕೈಯಿಟ್ಟು ನಿದ್ದೆ ಹೋಗುತ್ತೇನೆ, ಎಚ್ಚರವಾದಾಗಲೂ ಮೊದಲು ಬೆರಳಿಗೆ ಅದೇ ಸಿಗಬೇಕು, ಅದು ಸಿಗದ ಬೆಳಗು, ಅದು ಸಿಗದ ಬೆಳಗು ಹೇಗಿರುತ್ತದೆ.

ಘಟಕ ನೋಡಿಕೊಳ್ಳುವ ಮೇಡಂ ಮೇಲಿನ ಕಟ್ಟೆಯಿಂದ ಬಗ್ಗಿ ಕೈಸನ್ನೆಯಲ್ಲೇ ಕೇಳುತ್ತಾರೆ, ಸಿಕ್ತಾ, ನಾನು ತಲೆಯಾಡಿಸುತ್ತೇನೆ, ಇಲ್ಲ, ಅವರು ಗಡಿಯಾರ ತೋರಿಸುತ್ತಾರೆ, ನಾನು ಗಡಿಯಾರ ನೋಡಬಾರದೆಂದಿದ್ದೆ, ನೋಡಿಬಿಟ್ಟೆ. ಊಟದ ಹೊತ್ತು. ಮನೆಯಲ್ಲಿ ಅಕ್ಕ ತಟ್ಟೆಯ ಮುಂದೆ ಕೂತು ಅನ್ನವನ್ನು ಬೆರಳಿಂದ ಅತ್ತಿತ್ತ ಸರಿಸುತ್ತಿರುತ್ತಾಳೆ, ಪಕ್ಕದಲ್ಲಿ ಆ ಗೊಂಬೆಯಾಟದ ಲೋಟ, ದಿನಕ್ಕಿಷ್ಟೇ ನೀರೆಂದು ಡಾಕ್ಟರು ಹೇಳಿದ ಮೇಲೆ ಅಮ್ಮ ಹುಡುಕಿ ತೆಗೆದ ಚಿಕ್ಕ ಲೋಟ, ಉಪ್ಪೂ ಇಲ್ಲ ನೀರೂ ಇಲ್ಲ, ನಾಲಿಗೆ ಒಣಗಿ ಮಾತು ಕಚ್ಚಿಕೊಂಡಾಗ ಮಂಜುಗಡ್ಡೆಯ ಒಂದು ಚೂರನ್ನು ದವಡೆಯಲ್ಲಿಟ್ಟುಕೊಂಡು ಕೂರುತ್ತಾಳೆ, ನಾನು ಸಂಜೆ ಬಂದು ಬಾಗಿಲು ತೆಗೆಯುವಷ್ಟರಲ್ಲಿ ಕೇಳುತ್ತಾಳೆ, ಇವತ್ತು ಎಷ್ಟು ನೀರು ನೋಡ್ದೆ, ತೊಟ್ಟಿ ತುಂಬಿತ್ತಾ, ಸದ್ದು ಹೇಗಿತ್ತು, ಹೇಳೇ, ಹೇಳು, ನಾನು ಹೇಳುತ್ತಿದ್ದೆ, ಬೇರೆ ಯಾರ ಹತ್ತಿರವೂ ಅಷ್ಟು ಮಾತಾಡಿದವಳಲ್ಲ, ನೀರು ಬೀಳುವುದನ್ನು, ಸುಳಿಯುವುದನ್ನು, ನೊರೆ ಒಡೆಯುವುದನ್ನು, ಅವಳು ಕಣ್ಣು ಮುಚ್ಚಿ ಗಂಟಲಾಡಿಸಿ ಕೇಳುತ್ತಿದ್ದಳು. ಅವಳಿಗೆ ನಾನು ಮಾತಿನಲ್ಲಿ ನೀರು ಕುಡಿಸುತ್ತಿದ್ದೆ. ಫೋನು ಬೀಗದ ಪೆಟ್ಟಿಗೆಯಲ್ಲಿದೆ, ಆಚೆ ಕಾರಿಡಾರಿನಲ್ಲಿ. ಫೋನೆಂದರೆ ನನಗೆ ಆಗದು, ಎಂದೂ ಆಗಿಲ್ಲ, ಆ ಕಡೆ ಹಲೋ ಅಂದರೆ ಸಾಕು ನನ್ನ ತಲೆಯೊಳಗಿನ ಮಾತುಗಳೆಲ್ಲ ಮಂಚದಡಿ ಸೇರಿಕೊಳ್ಳುತ್ತವೆ, ನನ್ನ ಫೋನುಗಳನ್ನೆಲ್ಲ ಮಾಡಿದವಳು ಅಕ್ಕನೇ, ಕಾಲೇಜಿಗೆ, ಬಸ್ಸಿನವರಿಗೆ, ಈ ಕೆಲಸಕ್ಕೆ ಹಾಕಿದ ಅರ್ಜಿ ಏನಾಯಿತೆಂದು ಕೇಳಲು ಇದೇ ಮೇಡಂಗೆ ನನ್ನ ಹೆಸರು ಹೇಳಿಕೊಂಡು ಮಾತಾಡಿದಳು, ಹೌದು ಮೇಡಂ, ನಾನೇ ಮೇಡಂ, ನನಗೆ ಕೊಳಕು ನೀರಂದ್ರೆ ತುಂಬಾ ಆಸಕ್ತಿ ಮೇಡಂ, ನಾನು ಹಾಸಿಗೆಯಲ್ಲಿ ಮುಖ ಹುದುಗಿಸಿ ನಗುತ್ತಿದ್ದೆ, ಮೇಡಂ ಈಗಲೂ ಅನ್ನುತ್ತಾರೆ, ಫೋನಲ್ಲಿ ಎಷ್ಟು ಚೆನ್ನಾಗಿ ಮಾತಾಡಿದ್ದೆ, ಎದುರಿಗೆ ಬಂದ್ರೆ ಬಾಯೇ ಇಲ್ಲ ನಿಂಗೆ. ಈ ಒಂದು ಫೋನನ್ನೂ ಅಕ್ಕನೇ ಮಾಡಿಬಿಟ್ಟಿದ್ದರೆ. ನನ್ನ ದನಿಯಲ್ಲಿ ತನಗೇ ಫೋನು ಮಾಡಿ ತಾನೇ ಹೂಂ ಅಂದುಕೊಂಡಿದ್ದರೆ. ಸುಮ್ಮನಿದ್ದರೆ ಸಾಕು, ಕಂಬಗಳಿನ್ನೂ ಬಾಕಿಯಿವೆ, ಕೈ ಒದ್ದೆಯಿದೆ, ಮೆಲ್ಲಗಣ್ಣ ಸರಪಳಿ ಹಿಡಿದು ನಿಂತಿದ್ದಾನೆ, ನಾನು ಹೋಗುವ ಹಾಗಿಲ್ಲ, ಹೋಗಲಾಗಲಿಲ್ಲ ಎಂದು ಸಂಜೆ ಹೇಳಬಹುದು, ಅವಳಿಗೆ ಬೇಜಾರಿಲ್ಲ ಎಂದಿದ್ದಾಳೆ, ವ್ಯಾನಿನವನು ಹಾರ್ನ್ ಮಾಡುತ್ತಾನೆ, ಅವಳು ಎದ್ದು ಗೋಡೆ ಹಿಡಿದು ಚಪ್ಪಲಿಗೆ ಪಾದ ತೂರಿಸುತ್ತಾಳೆ, ತೂರುವುದಿಲ್ಲ, ಊದಿದೆ, ಅಮ್ಮ ಬಗ್ಗಿ ತೂರಿಸುತ್ತಾಳೆ, ಮತ್ತೆ ಸೂಜಿ, ಮತ್ತೆ ಕಣ್ಣು ಮೇಲಾಗಿ, ಮತ್ತೆ ಬಿಳಿಚಿಕೊಂಡು ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಾಳೆ, ನನ್ನ ಬೆರಳಿಗೆ ಜುಂ ಸಿಗುತ್ತದೆ. ಅದಕ್ಕಾಗಿ. ನನ್ನ ಬೆರಳಿಗಾಗಿ ಅವಳು ಹೋಗಿಬರುತ್ತಿದ್ದಾಳೆ, ಎಷ್ಟು ಕಾಲದಿಂದ ಬರೀ ಅದಕ್ಕಾಗಿ.

ತಂಗೀ, ಬಾ ಇಲ್ಲಿ, ಬಗ್ಗಿ ನೋಡು ಎಂದು ಮೆಲ್ಲಗಣ್ಣ ಕಿವಿಯ ಹತ್ತಿರ ಕೂಗುತ್ತಾನೆ. ಕಂಬವನ್ನು ನೇರ ನಿಲ್ಲಿಸಿ, ಮೇಲಿನ ಜೇನುಹಲ್ಲೆಯ ಮುಖದ ಮೇಲೆ ಬೆರಳುದ್ದ ನೀರು ನಿಲ್ಲುವಂತೆ ಕಟ್ಟು ಕಟ್ಟಿದ್ದಾನೆ, ಪಕ್ಕದಿಂದ ಎಳೆಗಳ ಸುತ್ತ ಗಾಳಿ ತುಂಬುತ್ತಿದ್ದಾನೆ, ಗಟ್ಟಿಯಿರುವ ಎಳೆಯೊಳಕ್ಕೆ ಗಾಳಿ ನುಗ್ಗಲಾರದು, ಹರಿದದ್ದು ಮಾತ್ರ ತನ್ನ ಬಾಯಲ್ಲಿ ಗಾಳಿ ಬಿಡುತ್ತದೆ. ನೀರು ಕನ್ನಡಿ. ಬಾಯಿಗಳು, ಬಾಯಿಗಳು, ಸಾವಿರಾರು ಮುಚ್ಚಿಕೊಂಡಂತಿರುವ ಬಾಯಿಗಳು, ಎಲ್ಲವೂ ಸುಮ್ಮನೆ. ಆಮೇಲೆ ಒಂದು ಅಂಚಿನಿಂದ, ಗುಳ್ಳೆ. ಸಾಸಿವೆಯಷ್ಟು. ಮೇಲೆ ಬಂತು, ಒಡೆಯಿತು. ಅದರ ಹಿಂದೆ ಇನ್ನೊಂದು. ಸಿಕ್ಕಿಬಿದ್ಲು ಕಳ್ಳಿ ಎನ್ನುತ್ತಾನೆ ಮೆಲ್ಲಗಣ್ಣ, ನನ್ನ ಅಂಗೈಗೆ ಉಕ್ಕಿನ ಸಣ್ಣ ಮೊಳೆ ಇಡುತ್ತಾನೆ, ಸೂಜಿಯಂಥದ್ದು, ತುದಿ ಚೂಪು ಬುಡ ದಪ್ಪ, ಆ ಬಾಯಿಗೆ ಇದನ್ನು ಒತ್ತಿಬಿಟ್ಟರೆ ಆಯಿತು, ಆಮೇಲೆ ಕಂಬ ತಿರುಗಿಸಿ ಆ ಕಡೆಯ ಬಾಯಿಗೂ ಒಂದು, ಅಲ್ಲಿಗೆ ಆ ಎಳೆಗೆ ಕೆಲಸ ಮುಗಿಯಿತು, ಅದರೊಳಗೆ ಇನ್ನು ನೀರು ಹರಿಯುವುದಿಲ್ಲ, ಅದರ ಪಾಲನ್ನು ಉಳಿದವು ಹೀರುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ನಿನ್ನ ಕೈ ನಡುಗಲ್ಲ, ನೀನೇ ಹಾಕು, ನನ್ನದು ಪಕ್ಕದ ಬಾಯಿಗೆ ಹೋಗತ್ತೆ, ಹೋದ್ಸಲ ಎರಡು ಒಳ್ಳೇದನ್ನ ಮುಚ್ಚಿಬಿಟ್ಟೆ. ಒಂದು ನಿಮಿಷ ಅಣ್ಣ ಎನ್ನುತ್ತೇನೆ, ಅವನಿಗೆ ಕೇಳಿಸಿತೋ ಇಲ್ಲವೋ, ಮೊಳೆ ಮುಷ್ಟಿಯಲ್ಲೇ ಇದೆ, ಕಾರಿಡಾರಿನಲ್ಲಿ ನಡೆಯುತ್ತಿದ್ದೇನೆ, ನಡೆಯುತ್ತಿರುವುದು ನನ್ನ ಕಾಲುಗಳೇ, ಬೀಗ ತೆರೆದುಕೊಳ್ಳುತ್ತದೆ, ಒದ್ದೆ ಬೆರಳಿಗೆ ಫೋನಿನ ಗಾಜು ಜಾರುತ್ತದೆ, ಮೇಲಂಗಿಯ ಅಂಚಿಗೆ ಒರೆಸಿಕೊಳ್ಳುತ್ತೇನೆ, ಆ ಕಡೆ ಒಂದೇ ಸಲ ಬಡಿದುಕೊಂಡಿತು, ಎತ್ತಿದಳು, ಕೈಯಲ್ಲೇ ಹಿಡಿದು ಕೂತಿದ್ದಳು. ನಾನು ಹಲೋ ಅನ್ನಲಿಲ್ಲ. ಅವಳೂ ಅನ್ನಲಿಲ್ಲ. ಉಸಿರು ಕೇಳುತ್ತಿದೆ, ಮೇಲುಸಿರು, ಮೆಟ್ಟಿಲು ಹತ್ತದೆಯೇ ಮೆಟ್ಟಿಲು ಹತ್ತಿದವಳ ಉಸಿರು. ಯಾರು ಬೇಕಾಗಿತ್ತು ಅಂದಳು ಕೊನೆಗೆ, ನಗೆಯನ್ನು ತಡೆದುಕೊಂಡು, ಗುರುತಿಲ್ಲದವರ ಫೋನಿಗೆ ಅನ್ನುವ ಹಾಗೆ. ಹೂಂ ಅಂದೆ. ಅಂದದ್ದು ನನಗೇ ಕೇಳಿಸಲಿಲ್ಲ, ಅಕ್ಕಾ, ಹೂಂ, ಹೂಂ ಕಣೇ ಎಂದು ಮತ್ತೆ ಅಂದೆ, ಗೋಡೆಗೆ ಹಣೆಯೊತ್ತಿ ಅಂದೆ. ಆಮೇಲೆ, ಮೊದಲ್ನೇ ಫೋನಿಗೇ ಎಷ್ಟು ಚೆನ್ನಾಗಿ ಮಾತಾಡಿದೆಯಲ್ಲೇ ಅಂದಳು. ಅಳ್ತಿದೀಯಾ, ಅಳ್ಬೇಡ, ಅಲ್ಲಿ ಎಲ್ರೂ ನೋಡ್ತಾರೆ, ಸಂಜೆ ಮನೆಗೆ ಬಾ, ಇಬ್ರೂ ಕೂತು ಅಳೋಣ. ಅಮ್ಮಾ ಎಂದು ಆ ಕಡೆ ತಿರುಗಿ ಕೂಗಿದಳು, ಹೂಂ ಅಂದ್ಲು, ಅವಳು ಹೂಂ ಅಂದ್ಲು. ಅಮ್ಮನ ದನಿ ಕೇಳಲಿಲ್ಲ, ಪಾತ್ರೆಯ ಸದ್ದೂ ಇಲ್ಲ, ನಲ್ಲಿ ತಿರುಗಿಸಿದ್ದು ಕೇಳಿತು, ನೀರು ಬೀಳುತ್ತಿರುವುದು, ಬೀಳುತ್ತಲೇ ಇರುವುದು, ತಳಕ್ಕೆ ಬೀಳುವ ಸದ್ದು ಬೇರೆ, ತುಂಬುತ್ತ ಬರುವ ಸದ್ದು ಬೇರೆ, ದೊಡ್ಡ ಲೋಟ, ಅಂಚಿನವರೆಗೂ, ನಲ್ಲಿ ನಿಂತಿತು. ಇರು, ಇಡ್ಬೇಡ ಅಂದಳು ಅಕ್ಕ. ಫೋನನ್ನು ಎಲ್ಲಿಯೋ ಹತ್ತಿರದಲ್ಲೇ ಇಟ್ಟುಕೊಂಡಳು, ಗಂಟಲು ಕೇಳಿತು ನನಗೆ, ಒಂದೊಂದು ಗುಟುಕೂ, ಇಳಿಯುವುದು, ನಿಲ್ಲುವುದು, ಮತ್ತೆ ಇಳಿಯುವುದು, ನಡುವೆ ಉಸಿರಿಲ್ಲ.

ಹಜಾರಕ್ಕೆ ಮರಳಿದ್ದೇನೆ, ಕಂಬದ ಮುಂದೆ ಮಂಡಿಯೂರಿದ್ದೇನೆ, ಎಷ್ಟು ಹೊತ್ತಾಯಿತೋ, ವ್ಯಾನು ಬಂದು ಹಾರ್ನ್ ಮಾಡಿರುತ್ತದೆ, ಅಮ್ಮ ಬಾಗಿಲಿಗೆ ಬಂದು ಇವತ್ತು ಇಲ್ಲಪ್ಪ ಎಂದಿರುತ್ತಾಳೆ, ನಾಡಿದ್ದೂ ಇಲ್ಲ ಎಂದಳೋ ಇಲ್ಲವೋ, ಅಷ್ಟು ಹೇಳಲು ಅಮ್ಮನಿಗೆ ಬಾಯಿ ಬಂತೋ ಇಲ್ಲವೋ. ಮೆಲ್ಲಗಣ್ಣ ನನ್ನ ಮುಖ ನೋಡಿದ, ಗಾಳಿಯ ತಿರುಪನ್ನು ಇನ್ನಷ್ಟು ತಿರುಗಿಸಿದ, ಹಾಕಮ್ಮ, ಮೆಲ್ಲಗೆ, ಎಂದ. ಮುಷ್ಟಿ ಬಿಚ್ಚಿದರೆ ಅಂಗೈಯಲ್ಲಿ ಮೊಳೆಯ ಅಚ್ಚು ಬಿದ್ದಿದೆ. ಬಗ್ಗುತ್ತೇನೆ, ತುದಿಯನ್ನು ನೀರಿಗೆ ಇಳಿಸುತ್ತೇನೆ, ಆ ಬಾಯಿಯ ಮೇಲೆ ನೇರಕ್ಕೆ ತರುತ್ತೇನೆ, ಕೈ ನಡುಗುತ್ತಿಲ್ಲ, ಅವನು ಹೇಳಿದ್ದು ಸರಿ, ನಡುಗುತ್ತಿಲ್ಲ, ಒತ್ತಬೇಕು ಅಷ್ಟೇ, ಗುಳ್ಳೆ ಬರುತ್ತದೆ, ಮೊಳೆಯನ್ನು ಸವರಿಕೊಂಡು ಮೇಲೆ ಹೋಗುತ್ತದೆ, ಒಡೆಯುತ್ತದೆ, ಇದು ಹೋಗಲಿ, ಇದರ ನಂತರ ಒತ್ತುತ್ತೇನೆ, ಇನ್ನೊಂದು, ಇದೂ ಹೋಗಲಿ, ಸುತ್ತಲಿನ ಬಾಯಿಗಳೆಲ್ಲ ಮುಚ್ಚಿವೆ, ಇದೊಂದೇ ಉಸಿರಾಡುತ್ತಿದೆ, ಒಂದು ಗುಳ್ಳೆ, ತಡೆದು ಇನ್ನೊಂದು, ಒತ್ತು ತಂಗಿ ಎನ್ನುತ್ತಾನೆ ಮೆಲ್ಲಗಣ್ಣ, ಹೂಂ ಎನ್ನುತ್ತೇನೆ, ಗುಳ್ಳೆ, ಬಾಯಲ್ಲಿ ಅರಳುತ್ತಿದೆ, ದುಂಡಗಾಗುತ್ತಿದೆ, ಅಂಚು ಬಿಡುತ್ತಿಲ್ಲ, ಒಂದು ಗುಳ್ಳೆ, ಇನ್ನೂ ಬಿಡುತ್ತಿಲ್ಲ